ಹಳೆಯ ಸಹಿ

ಡುಲುತ್, ಜೂನ್ ೩

ಪ್ರೀತಿಯ ಬರ್ನೆಟ್ ಅಮ್ಮನವರಿಗೆ,

ನಿಮ್ಮ ಕೌದಿಗಳ ವಿನ್ಯಾಸಕ್ಕೆಂದು ನಿಮ್ಮ ಮಗ ಆರ್ಲೋ ಮತ್ತು ನಾನು ಸೇರಿ ಮಾಡಿದ ಆ್ಯಪನ್ನು ಈಗ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. "ಒಂದ್ಸಲ ಬರೆದ್ರೆ ವಿಂಡೋಸು, ಮ್ಯಾಕು, ಲಿನಕ್ಸು ಮೂರು ಥರದ ಕಂಪ್ಯೂಟರಲ್ಲೂ ಓಡತ್ತೆ ಕಣೆ, ತಪ್ಪು ತಿದ್ದುತ್ತಾ ಅಳೋದು ಮಾತ್ರ ಮೂರು ಸಲ" ಎಂದು ಅವನು ನಗುತ್ತಿದ್ದ.

ಯಾರಾದರೂ ಅದನ್ನು ಹಾಕಿಕೊಳ್ಳುವಾಗ ಕಂಪ್ಯೂಟರು, "ತಯಾರಿಸಿದವರು ಆರ್ಲೋ ನೈಗಾರ್ಡ್. ಒಪ್ಪಿಗೆಯೇ?" ಎಂದು ಕೇಳುತ್ತದೆ. ಅವನನ್ನು ಮಣ್ಣು ಮಾಡಿದ ದಿನವೂ ಹದಿನೇಳು ಜನ ಹೌದು ಎಂದಿದ್ದರು. ಆ ಹೆಸರನ್ನು ತೋರಿಸುವ ಡಿಜಿಟಲ್ ಸಹಿಯ ಅವಧಿ ಶುಕ್ರವಾರ ಮುಗಿಯುತ್ತದೆ. ನವೀಕರಿಸಲು ಅವನೇ ಗುರುತಿನ ಚೀಟಿ ತೋರಿಸಬೇಕಂತೆ. ಇನ್ನು ಅಲ್ಲಿ ನನ್ನ ಹೆಸರು ಬರುತ್ತದೆ.

ಸೋಮವಾರ ನಿಮಗೂ ನನ್ನ ಹೆಸರಿನ ಅಪ್‌ಡೇಟ್ ಬರುತ್ತದೆ. ದಯವಿಟ್ಟು "ಬೇಡ" ಒತ್ತಿ. ಹಳೆಯದು ಕೆಟ್ಟರೆ ನಾನೇ ಬಂದು ಸರಿಮಾಡಿಕೊಡುತ್ತೇನೆ. ನನ್ನ ಕಂಪ್ಯೂಟರಿನಲ್ಲೂ ಹಳೆಯದೇ ಇರುತ್ತದೆ.

ನಿಮ್ಮ,
ಟೆಸ್