ರಸ್ಟಿ ಮತ್ತು ಅಂಗಳದ ಪಿಕಪ್

ಟೀಗನ್,

ನಿನ್ನ ಆನ್‌ಲೈನ್ ಕಾಲೇಜಿನ ನಾಯಿವಿದ್ಯೆಗೆ ಈ ಮನೆ ತೆತ್ತದ್ದು ಅರ್ಧ ಸೋಫಾ, ನನ್ನ ಒಳ್ಳೆಯ ಬೂಟು ಮತ್ತು ಪಕ್ಕದ ಮನೆ ಬೆರಿಲ್‌ಳ ಸ್ನೇಹ. ನಿನ್ನೆಯೂ ಬೇಲಿಯಾಚೆಯಿಂದ ಕೂಗಿದಳು: "ಏನೇ ನೋಲೀನ್, ನಿನ್ ಮಗಳು ಕಂಪ್ಯೂಟರ್ ನೋಡ್ಕೊಂಡೇ ನಾಯಿ ಪಳಗಿಸ್ತಾಳಂತಾ? ನನ್ ನಿದ್ದೆ ಯಾರೇ ವಾಪಸ್ ಕೊಡ್ತಾರೆ?"

ಬೇಕರಿಯ ರಾತ್ರಿ ಪಾಳಿಯಿಂದ ಬಂದವಳೇ ಮಲಗಬೇಡ. ಅನಾಥ ನಾಯಿಗಳ ಕೇಂದ್ರದವಳು ಹತ್ತಕ್ಕೆ ಬರುತ್ತಾಳೆ. ರಸ್ಟಿ ಒಂಟಿಯಾಗಿದ್ದಾಗ ಊಳಿಟ್ಟರೆ ಇವತ್ತೇ ಒಯ್ಯುತ್ತಾಳೆ. ಇವನು ಆಗಲೇ ಒಮ್ಮೆ ವಾಪಸಾದವನು; ಎರಡನೇ ಸಲ ವಾಪಸಾದ ನಾಯಿಯನ್ನು ಅಲ್ಲಿ ಜೀವಂತ ಉಳಿಸುವುದಿಲ್ಲ.

ಅವನ ತಿಂಡಿ ಆಗಿದೆ, ಮತ್ತೆ ಹಾಕಬೇಡ. ಓವನ್‌ನಲ್ಲಿರುವ ಪೈ ನಿನಗೆ, ಅವನಿಗಲ್ಲ.

ವಾರಗಟ್ಟಲೆ ನೀನು ಕೀಲಿಕೈ ಅಲ್ಲಾಡಿಸಿ, ಬಾಗಿಲು ಹಾಕಿ ಅಭ್ಯಾಸ ಮಾಡಿಸಿದಾಗ ಸುಮ್ಮನಿದ್ದವನು, ನಾನು ಪಿಕಪ್ ಹತ್ತಿ ಕೆಲಸಕ್ಕೆ ಹೊರಟರೆ ಊಳಿಡುತ್ತಿದ್ದ. ಕುರಿ ಹಿಂಡಿನ ಹಿಂದೆ ಬೆಳೆದ ನಾಯಿಗೆ ಪಿಕಪ್ ಗಾಡಿ ಅಂಗಳದಲ್ಲಿರುವ ತನಕ ಯಾರೂ ಹೋಗಿಲ್ಲವೆಂದೇ ಲೆಕ್ಕ. ಅವನೊಬ್ಬನೇ ಇದ್ದಾಗ ತೆಗೆದ ವಿಡಿಯೊ ನೋಡಿ ಅದನ್ನು ಹಿಡಿದವಳು ನೀನೇ. ಆಮೇಲೆ ದಿನವೂ ಗಾಡಿಯನ್ನೇ ಹೊರಗೆ ಒಳಗೆ ಓಡಿಸಿದೆ.

ಇವತ್ತು ನನ್ನ ಮನಸ್ಸು ತಡೆಯಲಿಲ್ಲ. ಅವನೊಬ್ಬನನ್ನೇ ಬಿಟ್ಟು ಕಣಜದ ತಿರುವಿನವರೆಗೆ ಗಾಡಿ ಓಡಿಸಿ, ಎಂಜಿನ್ ನಿಲ್ಲಿಸಿ, ಉಗುರು ಕಚ್ಚುತ್ತ ಕೂತೆ. ಸದ್ದೇ ಇಲ್ಲ. ಹೆದರಿ ಗಾಡಿ ತಿರುಗಿಸಿಕೊಂಡು ವಾಪಸು ಬಂದೆ. ಉಳಿದರ್ಧ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ.

ಉಣ್ಣೆ ಕತ್ತರಿಸುವ ತಂಡದ ವ್ಯಾನ್ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ. ಅವರ ಅಡುಗೆಯವಳು ನಾನೇ ತಾನೆ, ಬೆಳಗಿನ ಚಹಾ ಇನ್ನೂ ನನ್ನ ಕೈಯಲ್ಲೇ ಆಗಬೇಕು. ಪಿಕಪ್ ನಿನಗೆ ಬಿಟ್ಟಿದ್ದೇನೆ, ಕೀಲಿಕೈ ಸಕ್ಕರೆ ಡಬ್ಬಿಯ ಹಿಂದಿದೆ. ಕೇಂದ್ರದವಳ ಕಣ್ಣೆದುರೇ, ರಸ್ಟಿಯನ್ನು ಮನೆಯಲ್ಲಿ ಬಿಟ್ಟು, ಧೈರ್ಯವಾಗಿ ಓಡಿಸಿಕೊಂಡು ಹೋಗು.

ಸೋಫಾ ಹೋಯಿತು. ನಾಯಿ ದಕ್ಕಿತು.

ಅಮ್ಮ