ತೆರವಾದ ಜಾಗ

ನವೆಂಬರ್ ೪, ಸೋಮವಾರ

ಆ ಪಾಸ್‌ಪೋರ್ಟಿನ ವಿಷಯ ಇವತ್ತೂ ಮಿಲ್ಲಿನ ಯಜಮಾನರಿಗೆ ಹೇಳಲಿಲ್ಲ.

ಉಜ್ಬೆಕಿಸ್ತಾನದಿಂದ ಬಂದು ನಮ್ಮ ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಶೆರ್ಜೋದ್ ಹತ್ತು ದಿನದಿಂದ ಕಾಣಿಸುತ್ತಿಲ್ಲ. ಅವನ ಜಾಗಕ್ಕೆ ಇನ್ನೊಬ್ಬನನ್ನು ಕರೆಸಲು ಕೆಲಸದ ಪರವಾನಗಿಯ ಅರ್ಜಿ ತುಂಬುತ್ತಿದ್ದೆ. ಹಳಬ ಬಿಟ್ಟಿದ್ದೇಕೆ ಎಂದು ಸರ್ಕಾರಕ್ಕೆ ತಿಳಿಸಬೇಕು.

"ಊರಿಗೆ ಹೋದ ಅಂತ ಬರೀರಿ ಬೊಗುಮಿಲಾ ಮೇಡಂ," ಎಂದರು ಯಜಮಾನರು.

"ಹೇಳಿ ಹೋದನಾ ಸಾರ್?"

"ನಿಮಗೆ ಹೇಳಿ ಹೋಗೋಕೆ ಅವನೇನು ನಿಮ್ಮ ಅಳಿಯನಾ?"

ಬರೆದೆ. ಸಹಿ ಹಾಕಿ ಕಳಿಸಿಯೂ ಬಿಟ್ಟೆ. ಕಾಗದದ ಪ್ರಕಾರ ಶೆರ್ಜೋದ್ ಈಗ ಪೋಲೆಂಡಿನಲ್ಲಿಲ್ಲ. ಆದರೆ ಪರವಾನಗಿ ನವೀಕರಣಕ್ಕೆಂದು ಅವನು ಕೊಟ್ಟಿದ್ದ ಪಾಸ್‌ಪೋರ್ಟು ನನ್ನ ಡ್ರಾಯರಿನಲ್ಲೇ ಇದೆ. ಅದಿಲ್ಲದೆ ಅವನು ಯಾವ ಗಡಿ ದಾಟಿದ?

ಸಂಜೆ ಹೊರಡುವಾಗ ಮಿಲ್ಲಿನ ಹಿಂದೆ, ಮರದ ಹೊಟ್ಟಿನ ರಾಶಿಯ ಪಕ್ಕ, ಕೆಂಪು ಗಾಜಿನ ದೀಪವೊಂದು ಉರಿಯುತ್ತಿತ್ತು. ಸತ್ತವರ ಹಬ್ಬಕ್ಕೆ ಮೊನ್ನೆ ಅಮ್ಮನ ಸಮಾಧಿಯ ಮೇಲೆ ನಾನಿಟ್ಟಿದ್ದಂಥದ್ದೇ. ಅಲ್ಲಿ ಯಾರ ಸಮಾಧಿಯೂ ಇಲ್ಲ. ಶೆರ್ಜೋದನ ಜೊತೆಯ ಹುಡುಗರೆಲ್ಲ ಮುಸ್ಲಿಮರು, ಅವರು ಈ ದೀಪ ಇಡುವವರಲ್ಲ.

ಇಟ್ಟದ್ದು ನಮ್ಮವರೇ ಯಾರೋ. ಅವರಿಗೆ ಜಾಗ ಗೊತ್ತಿದೆ.