ಮೇಣಕ್ಕೆ ಒಲಿದ ಮುಖ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ (ಮಕ್ಕಳ ಮದುವೆ ಮಾಡುವ ವಯಸ್ಸಾದರೂ ನೀನು ನನಗೆ ಪುಟ್ಟಿಯೇ),

ನಿನ್ನ ಅಷ್ಟೂ ಕಾಗದಗಳಿಗೆ ಸೇರಿಸಿ ಇದೊಂದೇ ಉತ್ತರ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಎಲ್ಲರೂ ಚೆನ್ನಾಗಿದ್ದೀರಿ ತಾನೆ? ನಿನ್ನವರ ಮಂಡಿನೋವು ಹೇಗಿದೆ?

ತಡವಾದದ್ದು ಸೋಮಾರಿತನದಿಂದಲ್ಲ. ನನ್ನ ಬಲಗೈ ನಡುಗುತ್ತದೆ ಕಣೇ. ಈ ಕೋಳಿಕಾಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರಬೇಕು. "ಪ್ರಾಣಕ್ಕೇನೂ ಭಯ ಇಲ್ಲಮ್ಮ, ಆದ್ರೆ ಹೋಗೋದೂ ಇಲ್ಲ. ಅಭ್ಯಾಸ ಮಾಡ್ಕೊಳ್ಳಿ" ಎಂದರು ಡಾಕ್ಟರು. ಹೇಳುವುದು ಸುಲಭ. ಜನ್ಮವಿಡೀ ಎಣ್ಣೆಬಣ್ಣದಲ್ಲಿ ಮುಖಗಳನ್ನು ಬರೆದವಳು ನಾನು. ಒಂದು ದಿನ ಒಬ್ಬರು ಹೆಡ್‌ಮಾಸ್ಟರರ ಚಿತ್ರದಲ್ಲಿ ಕಣ್ಣಿಗೆ ಬೆಳಕಿನ ಚುಕ್ಕಿ ಇಡಲು ಹೋದರೆ ಅದು ಹುಬ್ಬಿನ ಮೇಲೆ ಹೋಗಿ ಕೂತಿತು. ಕುಂಚ ತೊಳೆದಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಆಮೇಲೆ ಬಹಳ ದಿನ ಆ ಕಡೆ ತಲೆಯೇ ಹಾಕಲಿಲ್ಲ.

ಮೇಣದ ನೆನಪಾದದ್ದು ಹೇಗೋ ಗೊತ್ತಿಲ್ಲ. ಕಲಿಯುವ ಕಾಲದಲ್ಲಿ ನಮ್ಮ ಮೇಷ್ಟ್ರು ಒಂದು ಸಲ ಮಾಡಿ ತೋರಿಸಿದ್ದರು. ಜೇನುಮೇಣಕ್ಕೆ ಸ್ವಲ್ಪ ರಾಳ ಸೇರಿಸಿ, ಸಣ್ಣ ಕಾವಿನಲ್ಲಿ ಕರಗಿಸಿ, ಬಣ್ಣದ ಪುಡಿ ಕಲಸಿ, ಬಿಸಿ ಇರುವಾಗಲೇ ಹಲಗೆಗೆ ಬಳಿಯುವುದು. ಕುಂಚ ಊರುವಷ್ಟರಲ್ಲಿ ಗಟ್ಟಿಯಾಗುತ್ತದೆ, ತಿದ್ದಲು ಬಿಡುವುದಿಲ್ಲ. ಗಟ್ಟಿ ಕೈಯವರನ್ನೂ ಗೋಳು ಹುಯ್ದುಕೊಳ್ಳುವ ವಸ್ತು, ನನ್ನ ಕೈಯನ್ನು ಇನ್ನೇನು ಮಾಡೀತು ಅಂದುಕೊಂಡು ಕರೆಂಟ್ ಒಲೆ ಹಚ್ಚಿದೆ.

ಮೊದಲ ಮುಖ ನಿನ್ನ ಭಾವನದು. ಆತುರಕ್ಕೆ ದಪ್ಪಗೆ ಬಳಿದು, ಪದರ ಬೆಸೆಯಲೆಂದು ಬಿಸಿಗಾಳಿಯ ಯಂತ್ರ ಹಿಡಿದೆ, ಮೂಗು ಜಾರಿ ಗಲ್ಲಕ್ಕೆ ಬಂತು. ಭಾವ ಬಂದು ನೋಡಿ, "ಪಾಪ, ನೆಗಡಿ ಜೋರಾಗಿದೆ ನಂಗೆ" ಅಂದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನಗಳ ನಂತರದ ನಗು ಪುಟ್ಟಿ. ನಿಧಾನಕ್ಕೆ ಮೇಣದ ಗುಣ ತಿಳಿಯಿತು. ತೆಳುವಾಗಿ ಬಳಿಯಬೇಕು, ಪ್ರತಿ ಪದರವನ್ನೂ ಕೆಳಗಿನದಕ್ಕೆ ಹದವಾಗಿ ಬೆಸೆಯಬೇಕು, ಹೆಚ್ಚಾದದ್ದನ್ನು ಬ್ಲೇಡಿನಿಂದ ಹೆರೆಯಬೇಕು. ಹೆರೆಯುವಾಗ ಕೈ ನಡುಗಿದರೆ ಗೆರೆ ಅಲೆಅಲೆಯಾಗಿ ಬರುತ್ತದೆ. ಚರ್ಮದ ಗೆರೆಗಳು ಇರುವುದೂ ಹಾಗೆಯೇ! ಇಷ್ಟು ವರ್ಷ ನೇರ ಗೆರೆ ಎಳೆದು ಎಳೆದು ಅದು ನನಗೆ ಕಂಡೇ ಇರಲಿಲ್ಲ.

ಅಷ್ಟರಲ್ಲಿ ರಂಗಮಂದಿರದ ಕಾರ್ಯದರ್ಶಿ ಬಂದರು. ಅವರ ಹಿರಿಯ ನಟಿಯ ಚಿತ್ರ ಹಜಾರಕ್ಕೆ ಬೇಕಂತೆ, ಆಕೆಯನ್ನೇ ಕರೆಸಿ ಸಮಾರಂಭ ಮಾಡಿ ಅನಾವರಣವಂತೆ. ಕಾಯಿಲೆಯಿಂದ ಆಕೆಯ ಮುಖದ ಎಡಭಾಗ ಜೋತುಬಿದ್ದಿದೆ. "ಹಳೇ ಫೋಟೋ ನೋಡ್ಕೊಂಡು ಮಾಡಿ ಮೇಡಂ. ಈಗಿನ ಮುಖ ನೋಡೋರಿಗೆ ಕಷ್ಟ" ಅಂದರು. ಮಾರನೆಯ ದಿನ ಆಕೆಯೇ ರಿಕ್ಷಾದಲ್ಲಿ ಬಂದಿಳಿದಳು. "ನೋಡೋಕೆ ಕಷ್ಟ ಆದೋರು ಕಣ್ಣು ಮುಚ್ಕೊಳ್ಲಿ. ನೀನು ಎದುರಿನಿಂದ್ಲೇ ಬರಿ" ಎನ್ನುತ್ತ ಕುರ್ಚಿ ಎಳೆದುಕೊಂಡಳು. ಮೇಣ ಕರಗುವುದನ್ನು ನೋಡಿ, "ನನ್ನ ಮುಖಾನೂ ಹೀಗೇ ಕರಗಿದ್ದು. ಸರಿಯಾದ ಜೋಡಿ ಹಾಕ್ದೆ ಬಿಡು" ಎಂದು ಅರ್ಧ ಬಾಯಲ್ಲೇ ನಕ್ಕಳು.

ತನ್ನ ಪೆಟ್ಟಿಗೆಯನ್ನೂ ತಂದಿದ್ದಳು. ರಾಣಿಯ ಉಡುಪಿನ ಹರಿದ ಲೇಸು, ಬಣ್ಣ ಮಾಸಿದ ಜರಿ, ಮುಖದ ಪೌಡರು, ಚೌರಿಗೂದಲ ಒಂದು ಎಳೆ. ಎಲ್ಲವನ್ನೂ ಮೇಣದಲ್ಲಿ ಹುದುಗಿಸಿದೆ. ಜೋತ ಕೆನ್ನೆಯ ಅಡಿಯಲ್ಲಿ ಲೇಸು ಇಟ್ಟು ಮೇಲೆ ತೆಳುವಾಗಿ ಮೇಣ ಹರಿಸಿದರೆ, ಒಳಗಿನಿಂದ ನರಗಳಂತೆ ಕಾಣತೊಡಗಿತು. ಎಣ್ಣೆಬಣ್ಣದಲ್ಲಿ ಚರ್ಮದ ಮೇಲ್ಭಾಗವಷ್ಟೇ ನನ್ನ ಕೈಗೆ ಸಿಗುತ್ತಿತ್ತು. ಇಲ್ಲಿ ಚರ್ಮದ ಕೆಳಗೂ ಇಳಿದೆ.

ಕಾರ್ಯದರ್ಶಿ ಬಂದು ನೋಡಿ ಬಿಳಿಚಿಕೊಂಡರು. "ಸಮಿತಿ ಒಪ್ಪಲ್ಲ ಮೇಡಂ, ಫೋಟೋನೇ ದೊಡ್ಡದು ಮಾಡಿಸಿ ಹಾಕ್ತೀವಿ." ಆಕೆ ಕುರ್ಚಿಯಿಂದ ಏಳಲೂ ಇಲ್ಲ. "ಹಾಗಾದ್ರೆ ಸಮಾರಂಭಕ್ಕೂ ಆ ಫೋಟೋನೇ ಕರ್ಕೊಂಡು ಹೋಗಿ. ನಾನು ಬರಲ್ಲ" ಎಂದಳು. ಆಮಂತ್ರಣ ಆಗಲೇ ಹಂಚಿಯಾಗಿತ್ತು. ಪಾಪ, ಒಪ್ಪದೆ ಏನು ಮಾಡಿಯಾರು?

ನಿನ್ನೆ ಪರದೆ ಸರಿಸಿದರು. ಹಜಾರ ತುಂಬಿತ್ತು. ನನ್ನ ಕೈ ನಡುಗುತ್ತಿತ್ತು, ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ. ಆಕೆ ಕೋಲೂರಿಕೊಂಡು ಚಿತ್ರದ ಮುಂದೆ ಹೋಗಿ ನಿಂತು, ಎಷ್ಟೋ ಹೊತ್ತು ನೋಡಿ, ಹಿಂದಿನ ಸಾಲಿಗೂ ಕೇಳುವಂಥ ಗಂಟಲಲ್ಲಿ ಆ ಚಿತ್ರವನ್ನೇ ಕೇಳಿದಳು: "ಎಲ್ಲಿಗೆ ಹೋಗಿದ್ಯೇ ಇಷ್ಟು ದಿನ?"

ಚಪ್ಪಾಳೆ ಪುಟ್ಟಿ, ಅಂಥ ಚಪ್ಪಾಳೆ! ಎದ್ದು ನಿಂತು ಹೊಡೆದರು. ಕಾರ್ಯದರ್ಶಿ ಎಲ್ಲರಿಗಿಂತ ಜೋರು, ಮೊದಲಿನಿಂದಲೂ ತಾನೇ ಹಟ ಹಿಡಿದವನ ಹಾಗೆ. ಆಕೆ ನನ್ನನ್ನು ಎಳೆದು ತಂದು, ನಡುಗುವ ಕೈಯನ್ನೇ ಎತ್ತಿ ಹಿಡಿದಳು. ನಾನು ಬಚ್ಚಿಡಲಿಲ್ಲ. ಮುಂದಿನ ವರ್ಷ ಮೇಣದ ಮುಖಗಳದ್ದೇ ಪ್ರದರ್ಶನವಂತೆ, ಹೂಂ ಅಂದುಬಿಟ್ಟಿದ್ದೇನೆ. ನಿನ್ನ ಅಕ್ಕ ಮುಗಿದುಹೋದಳು ಅಂತ ಯಾರಾದರೂ ಅಂದರೆ ಈ ಕಾಗದ ತೋರಿಸು.

ನಿನ್ನವರಿಗೆ ನಮಸ್ಕಾರ. ಮಕ್ಕಳ ಕೆನ್ನೆಗೆ ದೊಡ್ಡಮ್ಮನ ಮುತ್ತು. ನಿಮ್ಮ ಮನೆಯಲ್ಲಿ ನಗು ತುಂಬಿರಲಿ, ನೂರು ಕಾಲ ಬಾಳಿ.

ನಿನ್ನ
ಅಕ್ಕ

ತಾ.ಕ.: ನಿನ್ನೆ ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದರು: "ನಮ್ಮ ಮಗಳದ್ದು ಮಾಡ್ತೀಯಾ? ಈಗ ಹೇಗಿರ್ತಿದ್ಲೋ ಹಾಗೆ." ಅವಳು ಜ್ವರದಲ್ಲಿ ಹೋದಾಗಿನಿಂದ ಅವರು ಅವಳ ಮಾತೆತ್ತಿದ್ದು ಇದೇ ಮೊದಲು. ಹೂಂ ಅಂದೆ. ಒಂದನೇ ಕ್ಲಾಸಿನ ಫೋಟೋ ಬಿಟ್ಟರೆ ನನ್ನ ಹತ್ತಿರ ಅವಳ ಬೇರೆ ಮುಖವಿಲ್ಲ. ನಿನ್ನ ದೊಡ್ಡವಳೂ ಅವಳೂ ಒಂದೇ ಓರಗೆ, ಇಬ್ಬರಿಗೂ ನಮ್ಮ ಅಮ್ಮನದೇ ಗಲ್ಲ. ನಿನ್ನ ದೊಡ್ಡವಳ ಈಗಿನದೊಂದು ಫೋಟೋ ಕಳಿಸುತ್ತೀಯಾ? ನಗುತ್ತಿರುವುದು ಇರಲಿ. ಯಾಕೆ ಅಂತ ಅವಳಿಗೆ ಹೇಳಬೇಡ.